ಗಾಲಿಯ ಗಾತ್ರವೂ ಮಡ್ಗಾರ್ಡಿನ ಅವಕಾಶವೂ

ಮುಂದುಗಡೆ ಜನರು ಕುಳಿತುಕೊಳ್ಳುವುದಕ್ಕೆ ಕೋಣೆಯೂ ಹಿಂದುಗಡೆ ಸಾಮಾನು ಹೇರುವುದಕ್ಕೆ ತೆರೆದ ತೊಟ್ಟಿಯೂ ಉಳ್ಳ ಪಿಕಪ್ ಎಂಬ ಮೋಟಾರು ಬಂಡಿಯನ್ನು ಈಗ ನೋಡದವರು ವಿರಳ. ಸಂತೆಯ ತರಕಾರಿಯಿಂದ ಹಿಡಿದು ಮದುವೆಯ ಮನೆಯ ಕೊಪ್ಪರಿಗೆಗಳವರೆಗೆ ಎಲ್ಲವನ್ನೂ ಹೊತ್ತು ತಿರುಗುವುದು ಅದೇ. ಇಂಥ ಬಂಡಿಯನ್ನು ಕೊಂಡ ತರುಣರಲ್ಲಿ ಅನೇಕರಿಗೆ ಆರು ತಿಂಗಳೊಳಗಾಗಿ ಒಂದು ಆಸೆ ಹುಟ್ಟುತ್ತದೆ. ಕಾರ್ಖಾನೆಯವರು ಹಾಕಿಕೊಟ್ಟ ಗಾಲಿಗಳು ಸಣ್ಣವಾಗಿ ಕಾಣಿಸುತ್ತವೆ, ದೊಡ್ಡವನ್ನು ಹಾಕಬೇಕೆನ್ನಿಸುತ್ತದೆ. ದೊಡ್ಡ ಟೈರು ಮಡ್ಗಾರ್ಡಿಗೆ ತಗುಲುತ್ತದೆ. ತಗುಲಿದರೆ ಮಡ್ಗಾರ್ಡನ್ನು ಕತ್ತರಿಸಿದರಾಯಿತು ಎಂದು ಯಾರೋ ಹೇಳುತ್ತಾರೆ. ಮಾತು ಕೇಳುವುದಕ್ಕೆ ಸರಳವಾಗಿದೆ. ಆದರೆ ಕತ್ತರಿಸತಕ್ಕದ್ದು ಎಷ್ಟು, ಎಲ್ಲಿ, ಯಾವ ದೇಶದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಗ್ರೈಂಡರನ್ನು ಕೈಗೆತ್ತಿಕೊಂಡವನು ತಗಡನ್ನು ಮಾತ್ರ ಕಳೆದುಕೊಳ್ಳುವುದಿಲ್ಲ.

ಮಡ್ಗಾರ್ಡೆಂದರೆ ಗಾಲಿಯ ಮೇಲೆ ಕಮಾನಿನಂತೆ ಬಾಗಿರುವ ತಗಡು. ಅಮರಕೋಶವು ರಥದ ಅಂಗಗಳನ್ನು ಹೇಳುವೆಡೆ 'ವರೂಥ'ವೆಂಬ ಶಬ್ದವನ್ನು ಕೊಟ್ಟು, ರಥಗುಪ್ತಿಯೆಂದು ಅದಕ್ಕೆ ಅರ್ಥವನ್ನು ಹೇಳುತ್ತದೆ. ಅದು ರಥವನ್ನು ಕಾಯುವ ಕವಚ. ನಮ್ಮ ಮಡ್ಗಾರ್ಡಾದರೋ ತನ್ನ ಬಂಡಿಗಿಂತ ಹೆಚ್ಚಾಗಿ ಪರರನ್ನು ಕಾಯುವಂಥದು. ಗಾಲಿಯು ಎತ್ತಿ ಒಗೆಯುವ ಕೆಸರು ಕಲ್ಲುಗಳಿಂದ ಹಿಂದೆ ಬರುವ ಸೈಕಲ್ಲಿನವನನ್ನೂ, ಬದಿಯಲ್ಲಿ ನಡೆಯುವ ಹುಡುಗರನ್ನೂ ಅದು ರಕ್ಷಿಸುತ್ತದೆ. ಅದನ್ನು ಕತ್ತರಿಸುವವರು ಈ ಮಾತನ್ನು ಮೊದಲು ನೆನೆಯುವುದು ಒಳ್ಳೆಯದು.

ದೊಡ್ಡ ಗಾಲಿಯ ಮೇಲಣ ಆಸೆ ಕೇವಲ ಶೋಕಿಯೆಂದು ನಾನು ಹೇಳಲಾರೆ. ನಮ್ಮ ಎತ್ತಿನ ಬಂಡಿಯ ಗಾಲಿ ಎದೆಯೆತ್ತರಕ್ಕೆ ಏಕಿತ್ತು? ಕೊರಕಲಿಗೆ ಬಿದ್ದ ಸಣ್ಣ ಗಾಲಿ ಅದರ ಅಂಚನ್ನು ಗೋಡೆಯಂತೆ ಎದುರಿಸುತ್ತದೆ. ದೊಡ್ಡ ಗಾಲಿ ಅದೇ ಅಂಚನ್ನು ಇಳಿಜಾರಿನಂತೆ ಏರುತ್ತದೆ. ಎತ್ತಿನ ಹೆಗಲಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಆ ಬಂಡಿಯಲ್ಲಿ ಗಾಲಿಯ ಮೇಲೆ ಏನೂ ಇರಲಿಲ್ಲವಾದ್ದರಿಂದ ಬಡಗಿಗೆ ಅವಕಾಶದ ಚಿಂತೆಯೂ ಇರಲಿಲ್ಲ. ಮೋಟಾರು ಬಂಡಿಯಲ್ಲಿ ಗಾಲಿಯು ಒಂದು ಗೂಡಿನೊಳಗೆ ವಾಸಿಸುತ್ತದೆ.

ಟೈರಿನ ಗೋಡೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದುವುದನ್ನು ಮನೆಯ ಯಜಮಾನರೆಲ್ಲರೂ ಕಲಿತುಕೊಳ್ಳಬಹುದು. ಟೊಯೋಟಾ ಕಂಪೆನಿಯ ಹೈಲಕ್ಸ್ ಎಂಬ ಪಿಕಪ್ಪಿನ ಒಂದು ಬಗೆಗೆ ೨೬೫/೬೫ ಆರ್ ೧೭ ಎಂಬ ಟೈರು ಬರುತ್ತದೆ. ೨೬೫ ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ೬೫ ಎಂದರೆ ಟೈರಿನ ಗೋಡೆಯ ಎತ್ತರವು ಆ ಅಗಲದ ನೂರಕ್ಕೆ ೬೫ ಪಾಲು. ೧೭ ಎಂಬುದು ಒಳಗಿನ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಗೋಡೆ ಮೇಲೊಂದು ಕೆಳಗೊಂದು ಇರುವುದರಿಂದ ಎರಡರಷ್ಟು ಮಾಡಿ ರಿಮ್ಮಿನ ವ್ಯಾಸವನ್ನು ಕೂಡಿಸಿದರೆ ಗಾಲಿಯ ಒಟ್ಟು ವ್ಯಾಸ ಸುಮಾರು ೭೭೬ ಮಿಲಿಮೀಟರು ಬರುತ್ತದೆ. ತರುಣರು ಹಾಕಲು ಬಯಸುವ ೨೮೫/೭೦ ಆರ್ ೧೭ ಟೈರಿಗೆ ಅದೇ ಲೆಕ್ಕ ಮಾಡಿದರೆ ಸುಮಾರು ೮೩೧ ಆಗುತ್ತದೆ. ಹೆಚ್ಚಿದ್ದು ೫೫ ಮಿಲಿಮೀಟರು. ಬಂಡಿ ನೆಲದಿಂದ ೫೫ ಮಿಲಿಮೀಟರು ಮೇಲೇರಿತೆಂದು ಹಿಗ್ಗಬೇಡಿ; ಅಚ್ಚು ಇರುವುದು ಗಾಲಿಯ ನಡುವೆಯಾದ್ದರಿಂದ ಏರಿಕೆ ಅದರ ಅರ್ಧ, ಸುಮಾರು ೨೭. ಉಳಿದ ಅರ್ಧ ಮೇಲ್ಗಡೆ, ಮಡ್ಗಾರ್ಡಿನ ಕಡೆಗೆ ಬೆಳೆದಿರುತ್ತದೆ.

೨೭ ಮಿಲಿಮೀಟರೆಂದರೆ ಒಂದು ಅಂಗುಲಕ್ಕಿಂತ ಕೂದಲೆಳೆ ಹೆಚ್ಚು. ಬಂಡಿ ಸುಮ್ಮನೆ ನಿಂತಿದ್ದಾಗ ಗಾಲಿಗೂ ಮಡ್ಗಾರ್ಡಿಗೂ ನಡುವೆ ಅಂಗೈಯನ್ನೇ ತೂರಿಸಬಹುದು. ಹಾಗಿದ್ದ ಮೇಲೆ ತಗುಲುವುದೆಲ್ಲಿ ಎಂದು ಯಾರಾದರೂ ಕೇಳುತ್ತಾರೆ. ಈ ವಿಷಯದ ಮರ್ಮವೆಲ್ಲ ಇಲ್ಲಿದೆ. ನಿಂತ ಬಂಡಿಯಲ್ಲಿ ಕಣ್ಣಿಗೆ ಕಾಣುವ ಸಂದು ಗಾಲಿಯ ಅವಕಾಶವಲ್ಲ. ಭಾರ ಹೇರಿ, ಸ್ಪ್ರಿಂಗು ಪೂರ್ತಿ ಕುಗ್ಗಿ, ಸ್ಟೀರಿಂಗು ಪೂರ್ತಿ ತಿರುಗಿ, ಅದೇ ಕ್ಷಣದಲ್ಲಿ ಮುಂದಿನ ಗಾಲಿಯೊಂದು ಹಳ್ಳಕ್ಕೆ ಬಿದ್ದು ಮೇಲಕ್ಕೆ ಒತ್ತಲ್ಪಟ್ಟಾಗ ಉಳಿಯುವ ಸಂದೇ ಅವಕಾಶ. ಗಾಲಿಯು ನಿಂತಲ್ಲಿ ಒಂದು ವೃತ್ತ. ನಡೆಯುವಾಗ ಅದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಸವರಿಕೊಂಡು ಹೋಗುವ ಒಂದು ದೊಡ್ಡ ಗುಡಾಣದಂಥ ಆಕೃತಿ. ಆ ಗುಡಾಣಕ್ಕೆ ಗೂಡಿನಲ್ಲಿ ಸ್ಥಳ ಬೇಕು.

ಮುಂಗಾಲಿಯ ವಿಷಯದಲ್ಲಿ ಇದು ಇನ್ನೂ ಕಠಿಣ. ಸ್ಟೀರಿಂಗನ್ನು ತಿರುಗಿಸಿದಾಗ ಗಾಲಿಯ ಮುಂದಂಚು ಒಂದು ಕಡೆಗೆ ಹೊರಳಿದರೆ ಹಿಂದಂಚು ಇನ್ನೊಂದು ಕಡೆಗೆ ಹೊರಳುತ್ತದೆ. ಹೀಗಾಗಿ ದೊಡ್ಡ ಟೈರು ಮೊದಲು ತಾಗುವುದು ಎಲ್ಲರೂ ನೋಡುವ ಮೇಲಿನ ಕಮಾನಿಗಲ್ಲ. ಗೂಡಿನ ಹಿಂದಿನ ಗೋಡೆಗೆ, ಬಾಗಿಲಿನ ಕೆಳಗಣ ತಗಡುಗಳ ಕೂಡುಸಾಲಿಗೆ, ಮುಂದಿನ ಬಂಪರಿನ ಮೂಲೆಗೆ, ಕೋಣೆಯನ್ನು ಅಡಿಗಟ್ಟಿಗೆ ಬಿಗಿಯುವ ಕಬ್ಬಿಣದ ಚಾಚಿಗೆ ಅದು ಮೊದಲು ತಾಗುತ್ತದೆ. ಸಾಲದ್ದಕ್ಕೆ ಕೆಲವರು ನೋಟಕ್ಕಾಗಿ ಗಾಲಿಯನ್ನು ಹೊರಕ್ಕೆ ಚಾಚುವ ರಿಮ್ಮುಗಳನ್ನು ಹಾಕಿಸುತ್ತಾರೆ. ಗಾಲಿಯು ತಿರುಗುವ ಗೂಟದಿಂದ ಎಷ್ಟು ದೂರವೋ ಅದು ಬರೆಯುವ ಕಮಾನು ಅಷ್ಟು ದೊಡ್ಡದು; ಅದೇ ಟೈರು ಒಳಗಿದ್ದರೆ ತಾಗದಿದ್ದದ್ದು ಹೊರಗೆ ಚಾಚಿದಾಗ ತಾಗುತ್ತದೆ. ಇನ್ನು ಸ್ಪ್ರಿಂಗುಗಳನ್ನು ಎತ್ತರಿಸಿದರೆ ಸಾಕೆಂಬುದೊಂದು ನಂಬಿಕೆ. ಎತ್ತರಿಸಿದ ಸ್ಪ್ರಿಂಗೂ ದೊಡ್ಡ ಹಳ್ಳದಲ್ಲಿ ಕುಗ್ಗಿ ಹಿಂದಿನ ಮಟ್ಟಕ್ಕೇ ಬರುತ್ತದೆ. ಕುಗ್ಗುವಿಕೆಯನ್ನು ತಡೆಯುವ ರಬ್ಬರಿನ ಗುಬುಟನ್ನೂ ಬದಲಾಯಿಸದಿದ್ದರೆ ಹೊಡೆತದ ಕ್ಷಣದಲ್ಲಿ ಏನೂ ಲಾಭವಿಲ್ಲ.

ತೀರ್ಥಹಳ್ಳಿಯ ಸೀಮೆಯಲ್ಲಿ ಅಡಕೆಯ ತೋಟ ಮಾಡಿಕೊಂಡಿರುವ ನನ್ನ ಹಳೆಯ ಶಿಷ್ಯನೊಬ್ಬನ ಮನೆಗೆ ಕಳೆದ ಬೇಸಗೆಯಲ್ಲಿ ಹೋಗಿದ್ದೆ. ಅವನ ಮಗ ಎಂಜಿನಿಯರಿಂಗು ಓದಿ ತೋಟಕ್ಕೇ ಹಿಂದಿರುಗಿದ ಜಾಣ. ಮೇಲೆ ಹೇಳಿದ ಅಳತೆಯದೇ ಟೈರಿನ ಪಿಕಪ್ಪು ಅವನದು; ದೊಡ್ಡ ಟೈರಿನ ಆಸೆಯೂ ಮೇಲೆ ಹೇಳಿದ್ದೇ. ತಂದೆಗೆ ಅದು ಬೇಡ. "ಮೇಷ್ಟ್ರೆ, ಇವನಿಗೆ ನೀವೇ ಒಂದು ಮಾತು ಹೇಳಿ. ಈ ಬಂಡಿಯಲ್ಲಿ ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಘಾಟಿ ಇಳಿಯುವವನು ಇವನೇ" ಎಂದ. ಮಗನು, "ಅಪ್ಪಯ್ಯ, ಅಳೆದು ನೋಡಿದ್ದೇನೆ, ನಾಲ್ಕು ಬೆರಳು ಸಂದಿದೆ" ಎಂದ. ನಾನು ಹೇಳುವುದಕ್ಕಿಂತ ಬಂಡಿಯೇ ಹೇಳಲೆಂದು, ದೊಡ್ಡ ಟೈರಿನ ಒಂದು ಗಾಲಿಯನ್ನು ಅವನ ಸ್ನೇಹಿತನಿಂದ ಒಂದು ದಿನದ ಮಟ್ಟಿಗೆ ಎರವಲು ತರಿಸಿದೆವು.

ಪರೀಕ್ಷೆಯ ಕ್ರಮ ಹೀಗೆ. ಬಂಡಿಯನ್ನು ಜಾಕಿನಿಂದ ಎತ್ತಿ, ಅದರ ಅಡಿಗಟ್ಟಿಗೆ ಗಟ್ಟಿಯಾದ ಕಬ್ಬಿಣದ ಆನಿಕೆಗಳನ್ನು ಕೊಟ್ಟು—ಬರಿಯ ಜಾಕಿನ ಮೇಲೆ ನಿಂತ ಬಂಡಿಯ ಕೆಳಗೆ ಯಾರೂ ಕೈಯಿಡಕೂಡದು—ಒಂದು ಮುಂಗಾಲಿಯ ಸ್ಪ್ರಿಂಗನ್ನು ಮೆಕ್ಯಾನಿಕ್ಕನು ಕಳಚಿ ತೆಗೆದ. ಕಟ್ಟಿನಲ್ಲಿರುವ ಸ್ಪ್ರಿಂಗಿನ ಬಲ ಅಪಾರವಾದ್ದರಿಂದ ಅದು ಮನೆಯವರು ಮಾಡುವ ಕೆಲಸವಲ್ಲ. ಆಮೇಲೆ ಎರವಲು ಗಾಲಿಯನ್ನು ಬಿಗಿದು, ಇನ್ನೊಂದು ಸಣ್ಣ ಜಾಕಿನಿಂದ ಅದನ್ನು ರಬ್ಬರಿನ ಗುಬುಟಿಗೆ ತಾಗುವವರೆಗೆ ಮೇಲೆತ್ತಿ, ಸ್ಟೀರಿಂಗನ್ನು ನಿಧಾನವಾಗಿ ಒಂದು ತುದಿಯಿಂದ ಮತ್ತೊಂದು ತುದಿಗೆ ತಿರುಗಿಸಿದರು. ನಾಲ್ಕು ಬೆರಳಿನ ಸಂದು ಎಲ್ಲಿ ಹೋಯಿತೋ! ತಿರುವು ಮುಕ್ಕಾಲಾಗುವಷ್ಟರಲ್ಲಿ ಟೈರು ಹಿಂದಿನ ಗೋಡೆಯ ಪ್ಲಾಸ್ಟಿಕ್ಕನ್ನು ಒತ್ತಿ, ಅದರ ಹಿಂದಿನ ತಗಡಿನ ಕೂಡುಸಾಲಿಗೆ ಗಟ್ಟಿಯಾಗಿ ಆತುಕೊಂಡಿತು. ಸ್ಟೀರಿಂಗು ಮುಂದಕ್ಕೆ ಹೋಗಲಿಲ್ಲ. ಆಗುಂಬೆಯ ಘಾಟಿಯಲ್ಲಿ ಹಿಮ್ಮುರಿ ತಿರುವೊಂದರಲ್ಲಿ, ಭಾರ ಹೇರಿಕೊಂಡು, ಎದುರಿಗೆ ಬಸ್ಸು ಬರುತ್ತಿರುವಾಗ ಸ್ಟೀರಿಂಗು ಹೀಗೆ ನಿಂತಿತೆನ್ನಿ. ಹುಡುಗನು ಮಾತಾಡಲಿಲ್ಲ. ಸೀಮೆಸುಣ್ಣದಿಂದ ತಾಗಿದ ಕಡೆ ಗುರುತು ಮಾಡಿ, ಎಷ್ಟು ಕತ್ತರಿಸಬೇಕಾದೀತೆಂದು ತಾನೇ ಅಳೆಯತೊಡಗಿದ.

ಕತ್ತರಿಸುವ ಪದ್ಧತಿಯನ್ನೂ ಹೇಳುತ್ತೇನೆ. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇರುವ ಗೃಹಸ್ಥರು ನಮ್ಮ ವಾಚಕರಲ್ಲಿ ಬಹಳ ಮಂದಿ. ಅಲ್ಲಿ ಈ ಕೆಲಸ ಸಾಮಾನ್ಯ. ಬಲ್ಲವರು ಮೊದಲು ಕತ್ತರಿಸುವುದೇ ಇಲ್ಲ. ಗೂಡಿನ ಒಳಗಣ ಪ್ಲಾಸ್ಟಿಕ್ಕನ್ನು ಬಿಸಿಗಾಳಿಯಿಂದ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿ ಕೂರಿಸುತ್ತಾರೆ. ಕೂಡುಸಾಲಿನ ಅಂಚನ್ನು ಸುತ್ತಿಗೆಯಿಂದ ಮಡಿಸಿ ಚಪ್ಪಟೆ ಮಾಡುತ್ತಾರೆ. ಕಮಾನಿನ ಒಳಮಡಿಕೆಯನ್ನು ಬಿಸಿ ಮಾಡಿ ಉರುಳೆಯಿಂದ ಒತ್ತಿ ಮೇಲಕ್ಕೆ ಮಡಿಸುತ್ತಾರೆ. ಬಿಸಿ ಮಾಡದೆ ಮಡಿಸಿದರೆ ಬಣ್ಣ ಸೀಳುತ್ತದೆ. ಅನೇಕ ಬಂಡಿಗಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಮಾತ್ರ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಗೆರೆ ಎಳೆದು, ಬೇಕೆಂದು ತೋರಿದ್ದಕ್ಕಿಂತ ಕಡಿಮೆಯಾಗಿ ಕತ್ತರಿಸಿ, ಗಾಲಿಯನ್ನು ಮತ್ತೆ ಎತ್ತಿ ತಿರುಗಿಸಿ ನೋಡುತ್ತಾರೆ. ತಗಡನ್ನು ಎರಡು ಸಲ ಕತ್ತರಿಸಬಹುದು, ಬೆಳೆಸುವುದಕ್ಕೆ ಬರುವುದಿಲ್ಲ.

ಮುಂದಿನ ಮಡ್ಗಾರ್ಡು ಸಾಮಾನ್ಯವಾಗಿ ಬೋಲ್ಟಿನಿಂದ ಬಿಗಿದ ಬಿಡಿ ತಗಡು. ಕೆಟ್ಟರೆ ಹೊಸದು ತಂದು ಹಾಕಬಹುದು. ಹಿಂದಿನದು ತೊಟ್ಟಿಯೊಂದಿಗೇ ಕೂಡಿಕೊಂಡದ್ದು. ಅಲ್ಲಿ ಹೊರತಗಡೂ ಒಳತಗಡೂ ಅಂಚಿನಲ್ಲಿ ಬೆಸೆದಿರುತ್ತವೆ. ಆ ಅಂಚನ್ನು ತೆಗೆದುಹಾಕಿದರೆ ಎರಡು ತಗಡುಗಳ ನಡುವೆ ಬಾಯಿ ಬಿಡುತ್ತದೆ. ಕೆಸರು ಅದರೊಳಕ್ಕೆ ಸೇರಿ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಯುತ್ತದೆ. ಆದಕಾರಣ ಒಳತಗಡನ್ನು ಸೀಳುಸೀಳಾಗಿ ಮಡಿಸಿ ಹೊರತಗಡಿಗೆ ಬೆಸೆದು, ಸಂದುಗಳಿಗೆ ಮೇಣದಂಥ ಸೀಲನ್ನು ತುಂಬಿ, ಬೆತ್ತಲಾದ ಅಂಚಿಗೆ ಸತುವಿನ ಪ್ರೈಮರನ್ನೂ ಅದರ ಮೇಲೆ ಬಣ್ಣವನ್ನೂ ಬಳಿಯಬೇಕು. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದು ಅವಶ್ಯ. ಕೋಣೆಯನ್ನು ಹಿಡಿದಿರುವ ಕಬ್ಬಿಣದ ಚಾಚಿನ ಮೂಲೆಯನ್ನೂ ಕೆಲವರು ಕತ್ತರಿಸಿ ಅದಕ್ಕೆ ಪಟ್ಟಿ ಬೆಸೆಯುತ್ತಾರೆ. ಅದು ತಗಡಲ್ಲ, ಬಂಡಿಯ ಮೂಳೆ. ಹೆಸರುವಾಸಿಯಾದ ಬೆಸುಗೆಗಾರನಲ್ಲದೆ ಬೇರೆಯವರು ಅದನ್ನು ಮುಟ್ಟಬಾರದು. ಕಡೆಗೆ ಕಮಾನಿಗೆ ಹೊರಗಿನಿಂದ ಅಗಲವಾದ ಅಂಚನ್ನು ಜೋಡಿಸಿ ಟೈರಿನ ಪೂರ್ಣ ಅಗಲವನ್ನು ಮುಚ್ಚುತ್ತಾರೆ. ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಟೈರು ಮಡ್ಗಾರ್ಡನ್ನು ಮೀರಿ ಹೊರಚಾಚಕೂಡದೆಂದು ಕಾನೂನೇ ಇದೆ. ವರೂಥದ ಧರ್ಮವನ್ನು ಅವರು ಬಿಟ್ಟಿಲ್ಲವೆಂದು ನನಗೆ ಸಂತೋಷ.

ಈ ವಿದ್ಯೆ ಪರಿಪೂರ್ಣವಾಗಿ ಬೆಳೆದಿರುವುದು ಐಸ್‌ಲೆಂಡ್ ದ್ವೀಪದಲ್ಲಿ. ಅಲ್ಲಿಯ ನಡುನಾಡಿನಲ್ಲಿ ಹಿಮನದಿಗಳೂ ಸೇತುವೆಯಿಲ್ಲದ ಹೊಳೆಗಳೂ ಬಹಳ. ಚಳಿಗಾಲದಲ್ಲಿ ಆಳವಾದ ಸಡಿಲು ಹಿಮ. ಅಲ್ಲಿಯ ಜನರು ಹೈಲಕ್ಸಿನಂಥ ಬಂಡಿಗಳ ಮಡ್ಗಾರ್ಡುಗಳನ್ನು ಬಹುಮಟ್ಟಿಗೆ ಕತ್ತರಿಸಿ ತೆಗೆದು, ಗಾಜಿನ ನಾರಿನಿಂದ ಎರಕ ಹೊಯ್ದ ದೊಡ್ಡ ಕಮಾನುಗಳನ್ನು ಅಂಟಿಸಿ, ೩೮ ಅಂಗುಲದ, ೪೪ ಅಂಗುಲದ ಟೈರುಗಳನ್ನು ಹಾಕುತ್ತಾರೆ. ಟೊಯೋಟಾದ ಐಸ್‌ಲೆಂಡ್ ಶಾಖೆಯಲ್ಲಿ ೧೯೯೦ರಲ್ಲಿ ಆರಂಭವಾದ ಆರ್ಕ್‌ಟಿಕ್ ಟ್ರಕ್ಸ್ ಎಂಬ ಸಂಸ್ಥೆಯು ಇದನ್ನೇ ವೃತ್ತಿಯಾಗಿ ಮಾಡಿಕೊಂಡಿದೆ. ತನ್ನ ಬಂಡಿಗಳಿಗೆ ಟೈರಿನ ಅಂಗುಲವನ್ನೇ ಹೆಸರಾಗಿ ಇಡುತ್ತದೆ.

ಇಷ್ಟು ದೊಡ್ಡ ಟೈರು ಎತ್ತರಕ್ಕಾಗಿ ಅಲ್ಲ. ಅದರ ಗುಟ್ಟು ಗಾಳಿಯನ್ನು ಬಿಡುವುದರಲ್ಲಿದೆ. ಒಂದು ಗಾಲಿಯ ಮೇಲೆ ೫೦೦ ಕಿಲೋಗ್ರಾಮು ಭಾರವಿದೆಯೆನ್ನೋಣ. ಟೈರಿನಲ್ಲಿ ಚದರ ಅಂಗುಲಕ್ಕೆ ೩೦ ಪೌಂಡು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೨.೧ ಕಿಲೋಗ್ರಾಮು ಒತ್ತಡವಿದ್ದರೆ, ನೆಲವನ್ನು ಮುಟ್ಟುವ ಜಾಗ ಸ್ಥೂಲವಾಗಿ ೨೪೦ ಚದರ ಸೆಂಟಿಮೀಟರು. ಗಾಳಿಯನ್ನು ಬಿಟ್ಟು ೫ ಪೌಂಡಿಗೆ ಇಳಿಸಿದರೆ ಆ ಜಾಗ ಆರು ಪಾಲು ಹೆಚ್ಚಿ ಸುಮಾರು ೧,೪೦೦ ಆಗುತ್ತದೆ. ಆಗ ನೆಲದ ಮೇಲೆ ಬೀಳುವ ಒತ್ತಡವು ಅರುವತ್ತು ಕಿಲೋಗ್ರಾಮಿನ ಮನುಷ್ಯನೊಬ್ಬನು ಒಂಟಿ ಕಾಲಿನ ಮೇಲೆ ನಿಂತಷ್ಟು ಮಾತ್ರ! ಎರಡು ಟನ್ನಿನ ಬಂಡಿ ಹಿಮದ ಮೇಲೆ ಮನುಷ್ಯನಂತೆ ನಡೆದುಹೋಗುವ ಉಪಾಯ ಇದು. ಇದು ಸಣ್ಣ ಟೈರಿನಿಂದ ಸಾಧ್ಯವಿಲ್ಲ. ಅಷ್ಟು ಗಾಳಿ ಬಿಟ್ಟರೆ ರಿಮ್ಮು ನೆಲಕ್ಕೆ ತಾಗುತ್ತದೆ. ಹಾಗೆ ಮಾಡಿದ ಬಂಡಿಗಳಲ್ಲಿ ಕುಳಿತು ನಮ್ಮ ದೇಶದ ವಿಜ್ಞಾನಿಗಳೂ ಪಯಣ ಮಾಡಿದ್ದಾರೆ. ಆಗ ರಾಷ್ಟ್ರೀಯ ಅಂಟಾರ್ಕ್ಟಿಕ್ ಮತ್ತು ಸಾಗರ ಸಂಶೋಧನ ಕೇಂದ್ರವೆಂಬ ಹೆಸರಿದ್ದ ಗೋವೆಯ ಸಂಸ್ಥೆಯ ಆಗಿನ ನಿರ್ದೇಶಕರಾದ ರಸಿಕ್ ರವೀಂದ್ರರ ನಾಯಕತ್ವದಲ್ಲಿ ಎಂಟು ಮಂದಿಯ ತಂಡವೊಂದು ಮೈತ್ರಿ ಠಾಣೆಯಿಂದ ಹೊರಟು, ಆರ್ಕ್‌ಟಿಕ್ ಟ್ರಕ್ಸ್ ಸಿದ್ಧಪಡಿಸಿದ ಬಂಡಿಗಳಲ್ಲಿ ಹಿಮದ ಮೇಲೆ ಸಾಗಿ, ೨೦೧೦ನೆಯ ನವೆಂಬರು ೨೨ರಂದು ದಕ್ಷಿಣ ಧ್ರುವವನ್ನು ಮುಟ್ಟಿತು. ಭಾರತದಿಂದ ನಡೆದ ಮೊದಲ ದಕ್ಷಿಣ ಧ್ರುವ ವೈಜ್ಞಾನಿಕ ಯಾತ್ರೆ ಅದು. ಕತ್ತರಿಸಿದ ಮಡ್ಗಾರ್ಡಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕ್ಯ ಯಾವುದು!

ಆದರೆ ಐಸ್‌ಲೆಂಡಿನವರು ಮಡ್ಗಾರ್ಡನ್ನು ಕತ್ತರಿಸಿ ಸುಮ್ಮನಾಗುವುದಿಲ್ಲ. ಗಾಲಿ ಹಿರಿದಾದರೆ ಎಂಜಿನ್ನಿನ ಹಿಡಿತ ಅಷ್ಟೇ ಪಾಲು ಕಡಿಮೆಯಾಗುವುದರಿಂದ ಅಚ್ಚಿನ ಹಲ್ಲುಗಾಲಿಗಳನ್ನೇ ಬದಲಾಯಿಸುತ್ತಾರೆ, ವೇಗಮಾಪಕವನ್ನು ತಿದ್ದುತ್ತಾರೆ, ಮಾರ್ಪಡಿಸಿದ ಬಂಡಿಯನ್ನು ಪರೀಕ್ಷೆಗೆ ಒಡ್ಡಿ ದಾಖಲೆಗೆ ಸೇರಿಸುತ್ತಾರೆ. ನಮ್ಮ ತರುಣರು ಈ ಉತ್ತರಾರ್ಧವನ್ನು ಓದುವುದಿಲ್ಲ. ನಮ್ಮ ಮೇಲಿನ ಲೆಕ್ಕದ ಟೈರಿನಲ್ಲೇ ವ್ಯತ್ಯಾಸ ನೂರಕ್ಕೆ ಏಳು: ಮಾಪಕವು ೬೦ ತೋರಿಸುವಾಗ ಬಂಡಿ ೬೪ರ ವೇಗದಲ್ಲಿ ಓಡುತ್ತಿರುತ್ತದೆ. ಭಾರವಾದ ಗಾಲಿಯನ್ನು ನಿಲ್ಲಿಸುವುದು ಬ್ರೇಕಿಗೆ ಹೆಚ್ಚಿನ ದುಡಿಮೆ. ಎಣ್ಣೆಯ ಖರ್ಚು ಹೆಚ್ಚುತ್ತದೆಂಬುದನ್ನು ಯಜಮಾನರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ನಮ್ಮ ದೇಶದ ಕಾನೂನು. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದ ಪ್ರಕಾರ, ತಯಾರಕನು ಮೊದಲು ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ಭೇದ ಬರುವಂತೆ ಒಡೆಯನು ಬಂಡಿಯನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ೨೦೧೯ನೆಯ ಜನವರಿ ೯ರಂದು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಕಾರಾಗೃಹ, ಅಥವಾ ಒಂದೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಅಪಘಾತವಾದ ದಿನ ವಿಮೆಯವರು ಆಕ್ಷೇಪಿಸುವುದಕ್ಕೂ ಇದರಿಂದ ಎಡೆಯಾಗುತ್ತದೆ. "ಎಲ್ಲರೂ ಮಾಡಿಸುತ್ತಾರಲ್ಲ, ಮೇಷ್ಟ್ರೆ" ಎಂದು ಶಿಷ್ಯನ ಮಗನು ಕೇಳದಿರಲಿಲ್ಲ. ಎಲ್ಲರ ವಿಮೆಯೂ ನಿನ್ನ ಮನೆಯ ನಷ್ಟಕ್ಕೆ ಬರುವುದಿಲ್ಲವಪ್ಪಾ ಎಂದೆ. ಸೀಮೆಸುಣ್ಣದ ಗೆರೆಯನ್ನು ಅವನು ಒರೆಸಿಹಾಕಿದ. ಮುಖ ಮಾತ್ರ ಎರಡು ದಿನ ಸಪ್ಪಗೇ ಇತ್ತು.

ಅವನಿಗೆ ಹೇಳಿದ ಉಪಾಯವನ್ನೇ ಇಲ್ಲಿಯ ಎಲ್ಲರಿಗೂ ಹೇಳುತ್ತೇನೆ. ಬಂಡಿಯೊಡನೆ ಬಂದ ಪುಸ್ತಕದಲ್ಲೂ ಬಾಗಿಲ ಬಳಿಯ ಚೀಟಿಯಲ್ಲೂ ಬರೆದಿರುವ ಅಳತೆಯಲ್ಲಿಯೇ, ಅದೇ ಭಾರವನ್ನು ತಡೆಯುವ, ಆಳವಾದ ಕೆತ್ತನೆಯುಳ್ಳ ಟೈರುಗಳು ದೊರೆಯುತ್ತವೆ. ತೋಟದ ಕೆಸರಿಗೆ ಅವು ಬೇಕಾದಷ್ಟಾಯಿತು. ಕೆಸರಿನಲ್ಲಿ ಹೂತಾಗ ಗಾಳಿಯನ್ನು ೧೮ ಅಥವಾ ೨೦ ಪೌಂಡಿಗೆ ಇಳಿಸಿ ನಿಧಾನವಾಗಿ ಹೊರಗೆ ಬರಬೇಕು. ಡಾಂಬರು ರಸ್ತೆ ಸೇರಿದೊಡನೆ ಮೊದಲಿನಷ್ಟು ತುಂಬಿಸಿಕೊಳ್ಳಬೇಕು. ಇದಕ್ಕಾಗಿ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪೂ ಒಂದು ಒತ್ತಡಮಾಪಕವೂ ಬಂಡಿಯಲ್ಲಿರಲಿ. ಹೊರದೇಶದಲ್ಲಿದ್ದು ಅಲ್ಲಿಯ ಕಾನೂನಿನಂತೆ ದೊಡ್ಡ ಟೈರು ಹಾಕಿಸುವ ಮಕ್ಕಳಿಗೆ ಪತ್ರ ಬರೆಯುವವರು ಇನ್ನೊಂದು ಮಾತನ್ನು ಸೇರಿಸಿ ಬರೆಯಿರಿ: ಟೈರನ್ನು ಕೊಳ್ಳುವುದಕ್ಕೆ ಮುಂಚೆ, ತೊಟ್ಟಿಯ ಕೆಳಗೆ ಹೆಚ್ಚಿನ ಗಾಲಿಯನ್ನು ನೇತುಹಾಕುವ ಸ್ಥಳವನ್ನೂ ಅಳೆಯಲಿ. ಐದನೆಯ ದೊಡ್ಡ ಗಾಲಿ ಅಲ್ಲಿ ಹಿಡಿಸದೆ ಹಳೆಯ ಸಣ್ಣದನ್ನೇ ಉಳಿಸಿಕೊಂಡವರು, ನಡುದಾರಿಯಲ್ಲಿ ಟೈರು ಒಡೆದ ರಾತ್ರಿ ಒಂದು ಕಾಲು ಕುಂಟಾದ ಬಂಡಿಯಲ್ಲಿ ಮನೆಗೆ ಬರಬೇಕಾಗುತ್ತದೆ.